ಶುಶ್ರೂಷೆ ಎಂದರೆ ಕೇಳುವ ಆಸೆ

(ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಕೆಲಸದಲ್ಲಿರುವ ಶುಶ್ರೂಷಾಧಿಕಾರಿಗಳ ಮುಂದೆ ‘ಅಧ್ಯಾತ್ಮ ಮತ್ತು ಆತಂಕ’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಅವಸರದಲ್ಲಿ ದಾಟಿದ ಒಂದೆರಡು ವಿಷಯಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ನಿವೃತ್ತ ಶುಶ್ರೂಷಾಧಿಕಾರಿ’ ಎಂದು ಅಚ್ಚು ಹಾಕಿಸಿದ್ದೀರಿ. ಸಂತೋಷ. ಆದರೆ ಮೂವತ್ತು ವರ್ಷಗಳಲ್ಲಿ ಒಬ್ಬ ರೋಗಿಯೂ ನನ್ನನ್ನು ಆ ಹೆಸರಿನಿಂದ ಕರೆದದ್ದಿಲ್ಲ. ‘ಸಿಸ್ಟರ್’ ಎಂದರು. ಹಳ್ಳಿಯ ಅಜ್ಜಿಯರು ಇನ್ನೊಂದು ‘ಅಮ್ಮ’ ಸೇರಿಸಿ ‘ಸಿಸ್ಟರಮ್ಮಾ’ ಎಂದರು. ಈ ಸಿಸ್ಟರ್ ಎಂಬುದು ಎಲ್ಲಿಂದ ಬಂತು? ಕ್ರೈಸ್ತ ಸನ್ಯಾಸಿನಿಯರಿಂದ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಗುಡ್ ಶೆಫರ್ಡ್ ಸನ್ಯಾಸಿನಿಯರು. ಅಂಥವರನ್ನು ಕರೆಯುತ್ತಿದ್ದ ಹೆಸರು ಕಾಲಕ್ರಮದಲ್ಲಿ ನಮ್ಮ ಕೊರಳಿಗೆ ಬಿತ್ತು. ನಮ್ಮ ಗಂಡು ಸಹೋದ್ಯೋಗಿಗಳು ಅದೇ ಲೆಕ್ಕದಲ್ಲಿ ‘ಬ್ರದರ್’ ಆದರು. ಹಿಂದೂಗಳು, ಮುಸ್ಲಿಮರು, ದೇವರನ್ನೇ ನಂಬದವರು, ಎಲ್ಲರೂ ಬಿಳಿ ಉಡುಪು ತೊಟ್ಟ ಕೂಡಲೇ ಅರ್ಧ ಸನ್ಯಾಸಿನಿಯರೇ. ಜನ ನಮ್ಮಿಂದ ನಿರೀಕ್ಷಿಸುವುದರಲ್ಲಿಯೂ ಆ ಅರ್ಧ ಇದೆ. ಅದರ ಬಗ್ಗೆ ಆಮೇಲೆ ಜಗಳವಾಡುತ್ತೇನೆ.

ಇನ್ನೊಂದು ಪದ ನಮ್ಮದೇ. ಶುಶ್ರೂಷೆ. ಇದು ‘ಶ್ರು’ ಎಂಬ ಧಾತುವಿನಿಂದ ಬಂದದ್ದು. ಶ್ರವಣ, ಶ್ರುತಿ ಎಲ್ಲ ಅದರ ಬಂಧುಗಳೇ. ಪದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಗುರುವಿನ ಮಾತು ಕೇಳಬೇಕೆಂದು ಹತ್ತಿರವೇ ಇದ್ದು ಆತನ ಬೇಕುಬೇಡ ನೋಡಿಕೊಳ್ಳುವ ಶಿಷ್ಯನ ನಡತೆಗೆ ಆ ಹೆಸರು ಬಂತು, ಅಲ್ಲಿಂದ ರೋಗಿಯ ಆರೈಕೆಗೂ ಬಂತು. ಇಂಜೆಕ್ಷನ್, ಡ್ರೆಸ್ಸಿಂಗ್, ಕೇಸ್ ಶೀಟ್ ಎಲ್ಲವೂ ಆಮೇಲಿನ ಮಾತು, ಮೊದಲು ಕಿವಿ. ಕೋವಿಡ್ ಕಾಲದಲ್ಲಿ ನಮ್ಮಿಂದ ಮೊದಲು ಕಸಿದುಕೊಂಡದ್ದೂ ಅದನ್ನೇ. ಪಿಪಿಇ ಕಿಟ್ಟಿನ ಟೊಪ್ಪಿಗೆ ಕಿವಿಯ ಮೇಲೆ, ರೋಗಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್, ನಡುವೆ ಯಂತ್ರಗಳ ಸದ್ದು. ಆತ ನೀರು ಕೇಳಿದರೆ ನಮಗೆ ಕೇಳಿಸಿದ್ದು ತುಟಿ ಅಲುಗಿದ್ದು ಮಾತ್ರ.

‘ಅಧ್ಯಾತ್ಮ ಮತ್ತು ಆತಂಕ’ ಎಂದು ವಿಷಯ ಕೊಟ್ಟಾಗ ಮೊದಲು ಒಲ್ಲೆ ಎನ್ನಬೇಕೆನಿಸಿತು. ಕಾರಣ ಇದೆ. 2020ರಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದ ನಮ್ಮನ್ನು ಕೂರಿಸಿ, ಮೊಬೈಲ್ ಪರದೆಯಲ್ಲಿ ಮಹನೀಯರೊಬ್ಬರು ಸಕಾರಾತ್ಮಕ ಚಿಂತನೆಯ ಬಗ್ಗೆ ಎರಡು ಗಂಟೆ ಉಪನ್ಯಾಸ ಕೊಟ್ಟರು. ಕ್ಯಾಮೆರಾ ಆನ್ ಇಡುವುದು ಕಡ್ಡಾಯವಾಗಿತ್ತು. ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆಯನ್ನು ನಾನು ಸಿದ್ಧಿಸಿಕೊಂಡದ್ದು ಅಂದು. ಅದೂ ಒಂದು ಯೋಗವೇ ಇರಬಹುದು.

ಆತಂಕದ ಮಾತಿಗೆ ಬರುತ್ತೇನೆ. ಕೋವಿಡ್‌ನಿಂದ ದೇಶದಲ್ಲಾದ ಮೊದಲ ಸಾವು ನಮ್ಮ ಕಲಬುರಗಿಯದು. ಹಿರಿಯರೊಬ್ಬರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಕಾರಣ ಖಚಿತವಾದದ್ದು 12ರಂದು. ನಡುವಿನ ಆ ಒಂದು ದಿನವೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಹಾಮಾರಿ ಎಂದು ಘೋಷಿಸಿತು. ನಮ್ಮ ವಾರ್ಡಿನ ಕೇರಳದ ಹುಡುಗಿಯರು ಅದಕ್ಕೂ ಮೊದಲೇ ಮೌನವಾಗಿದ್ದರು. ಅವರಿಗೆ 2018ರ ನಿಫಾ ವೈರಸ್ ಸೋಂಕು ನೆನಪಿತ್ತು. ಪೆರಾಂಬ್ರಾದ ಸರ್ಕಾರಿ ಆಸ್ಪತ್ರೆಯಲ್ಲಿ ನಿಫಾ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ತಾವೇ ಸೋಂಕಿಗೆ ತುತ್ತಾಗಿ ಆ ವರ್ಷದ ಮೇ 21ರಂದು ತೀರಿಕೊಂಡಿದ್ದರು. ಹಾಸಿಗೆಯಿಂದ ಗಂಡನಿಗೆ ಬರೆದ ಚೀಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವಂತೆ ಕೇಳಿಕೊಂಡಿದ್ದರು. ಆ ಚೀಟಿಯ ಚಿತ್ರವನ್ನು ನೋಡದ ಮಲಯಾಳಿ ನರ್ಸ್ ಇರಲಿಕ್ಕಿಲ್ಲ.

2020ರ ಆರಂಭದಲ್ಲೇ ಚೀನಾದ 34 ಆಸ್ಪತ್ರೆಗಳ 1257 ಆರೋಗ್ಯ ಸಿಬ್ಬಂದಿಯನ್ನು ಮಾತನಾಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಶೇ 44.6ರಷ್ಟು ಜನರಿಗೆ ಆತಂಕದ ಲಕ್ಷಣಗಳಿದ್ದವು, ಶೇ 34ರಷ್ಟು ಜನರಿಗೆ ನಿದ್ದೆ ಇರಲಿಲ್ಲ. ಲಕ್ಷಣಗಳು ಹೆಚ್ಚು ತೀವ್ರವಾಗಿದ್ದದ್ದು ನರ್ಸ್‌ಗಳಲ್ಲಿ, ಹೆಂಗಸರಲ್ಲಿ, ರೋಗಿಯ ಹತ್ತಿರ ನಿಂತು ಕೆಲಸ ಮಾಡುವವರಲ್ಲಿ. ಈ ಮೂರೂ ಒಬ್ಬಳೇ ಆಗಿರುವುದು ಎಷ್ಟು ಸಾಮಾನ್ಯ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇಂಥ ಅಧ್ಯಯನಗಳಲ್ಲಿ ಆತಂಕ ಅಳೆಯಲು ಬಳಸುವ ಪ್ರಶ್ನಾವಳಿಯೊಂದನ್ನು ನೀವು ಮನೋಆರೋಗ್ಯ ಪಠ್ಯದಲ್ಲಿ ಓದಿದ್ದೀರಿ. ಜಿಎಡಿ-7. ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 21. ಹತ್ತು ಮುಟ್ಟಿದರೆ ಗಮನ ಕೊಡಬೇಕು. ಒಳ್ಳೆಯ ಸಾಧನ, ನಾನೇ ಬಳಸಿದ್ದೇನೆ. ಆದರೆ ಅದರ ಏಳನೆಯ ಪ್ರಶ್ನೆ ನೋಡಿ. ‘ಏನೋ ಭಯಂಕರವಾದದ್ದು ನಡೆದುಬಿಡುತ್ತದೆ ಎಂಬ ಹೆದರಿಕೆ ಕಳೆದ ಎರಡು ವಾರಗಳಲ್ಲಿ ಎಷ್ಟು ಬಾರಿ ಕಾಡಿತು?’ 2021ರ ಏಪ್ರಿಲ್, ಮೇ ತಿಂಗಳಲ್ಲಿ ಐಸಿಯುನಲ್ಲಿದ್ದವಳಿಗೆ ಈ ಪ್ರಶ್ನೆ ಕೇಳಿದರೆ ಏನು ಹೇಳಬೇಕು? ಹೆದರಿಕೆಯಲ್ಲ, ಅದು ಡ್ಯೂಟಿಗೊಂದು ಸಲ ಕಣ್ಣೆದುರೇ ನಡೆಯುತ್ತಿತ್ತು. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 88, 84, 79 ಎಂದು ಇಳಿಯುತ್ತಿದ್ದರೆ ಎದೆ ಹೊಡೆದುಕೊಳ್ಳುವುದು ಕಾಯಿಲೆಯೋ ಕರ್ತವ್ಯಪ್ರಜ್ಞೆಯೋ? ಆಕ್ಸಿಜನ್ ಬರುತ್ತದೋ ಇಲ್ಲವೋ ಎಂದು ಗಡಿಯಾರ ನೋಡುವವಳ ಆತಂಕಕ್ಕೆ ಮದ್ದು ಧ್ಯಾನವಲ್ಲ, ಆಕ್ಸಿಜನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅಧ್ಯಾತ್ಮದ ಬಗ್ಗೆ ಆಡುವ ಒಂದು ಮಾತನ್ನೂ ಸಿಲಿಂಡರಿನ ಜಾಗದಲ್ಲಿ ಇಡಬೇಡಿ.

ಸಾಧನ ಇದ್ದಾಗಲೂ ಹೋಗದ ಆತಂಕ ಇನ್ನೊಂದಿತ್ತು. ಅದು ಸಾಯುವ ಭಯವೂ ಅಲ್ಲ. ಮನೆಗೆ ಕೊಂಡೊಯ್ಯುವ ಭಯ. ಚಪ್ಪಲಿ ಗೇಟಿನ ಹೊರಗೆ, ಸ್ನಾನ ಹಿತ್ತಿಲಲ್ಲಿ, ಬಟ್ಟೆ ಬಿಸಿನೀರಿನಲ್ಲಿ, ಊಟ ಬೇರೆ ತಟ್ಟೆಯಲ್ಲಿ. ನಮ್ಮ ಅಜ್ಜಿಯ ಮಡಿಯನ್ನು ಬೈದುಕೊಂಡು ಬೆಳೆದ ನಾನು ಐವತ್ತು ದಾಟಿದ ಮೇಲೆ ಅದಕ್ಕಿಂತ ಕಠಿಣವಾದ ಮಡಿ ಹಿಡಿದೆ. ನಲವತ್ತು ದಿನ ಹಾಸ್ಟೆಲಿನಲ್ಲಿ ಉಳಿದ ಸಹೋದ್ಯೋಗಿಯೊಬ್ಬಳು ಬೆಳಿಗ್ಗೆ ಗಂಡನಿಗೆ ಫೋನ್ ಮಾಡಿ, ಅತ್ತೆ ದೋಸೆ ಹುಯ್ಯುವಾಗ ಮೊಬೈಲನ್ನು ಒಲೆಯ ಪಕ್ಕ ಇಡಲು ಹೇಳುತ್ತಿದ್ದಳು. ವೀಡಿಯೊ ಬೇಡ ಎನ್ನುತ್ತಿದ್ದಳು. ಕಾವಲಿಯ ಚುಂಯ್ ಸದ್ದು, ಅತ್ತೆಯ ಗೊಣಗಾಟ, ಮಗ ಇನ್ನೊಂದು ಬೇಕು ಎನ್ನುವುದು. ಐದು ನಿಮಿಷ ಕೇಳಿ, ಏನೂ ಮಾತನಾಡದೆ ಫೋನಿಟ್ಟು ಡ್ಯೂಟಿಗೆ ಬರುತ್ತಿದ್ದಳು. ‘ಪ್ರಾರ್ಥನೆ ಆಯಿತು’ ಎನ್ನುತ್ತಿದ್ದಳು. ತಮಾಷೆಗೆ ಹೇಳಿದ್ದಳು. ತಮಾಷೆ ಎಂದು ನನಗನ್ನಿಸಲಿಲ್ಲ.

ಅಧ್ಯಾತ್ಮ ಎಂದರೆ ನಾನು ಹೇಳುತ್ತಿರುವುದು ಇದನ್ನು. ದೇವಸ್ಥಾನ, ಚರ್ಚು, ಮಸೀದಿ ಅದರೊಳಗೆ ಬರಬಹುದು, ಬರದೆಯೂ ಇರಬಹುದು. ಈ ಕ್ಷೇತ್ರದ ಸಂಶೋಧಕರೂ ಇದನ್ನು ಒಪ್ಪುತ್ತಾರೆ. 1982ರಲ್ಲಿ ರೂಪುಗೊಂಡ ಪ್ರಸಿದ್ಧ ಅಳತೆಗೋಲೊಂದರಲ್ಲಿ ಇಪ್ಪತ್ತು ಹೇಳಿಕೆಗಳಿವೆ. ಹತ್ತು ದೇವರೊಂದಿಗಿನ ಸಂಬಂಧದವು, ಇನ್ನು ಹತ್ತರಲ್ಲಿ ದೇವರ ಹೆಸರೇ ಇಲ್ಲ. ಬದುಕಿಗೆ ಅರ್ಥವಿದೆ ಅನ್ನಿಸುತ್ತದೆಯೇ ಎಂದು ಕೇಳುವಂಥವು.

ಹಾಗಾದರೆ ನಂಬಿಕೆ ಇದ್ದವರಿಗೆ ಆತಂಕ ಕಡಿಮೆಯೇ? ವಿದ್ಯಾರ್ಥಿಗಳು ಈ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಯಸುತ್ತಾರೆ, ಪ್ರಬಂಧಕ್ಕೆ ಸುಲಭ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪರ್ಗಮೆಂಟ್ ದಶಕಗಳ ಕಾಲ ಕೆಲಸ ಮಾಡಿ ತೋರಿಸಿದ್ದು ಬೇರೆ. ಕಷ್ಟ ಬಂದಾಗ ಧರ್ಮವನ್ನು ಹಿಡಿಯುವ ಬಗೆ ಎರಡು. ದೇವರು ಜೊತೆಗಿದ್ದಾನೆ, ಆತನ ಸಹಾಯದಿಂದ ನನ್ನ ಕೈಲಾದದ್ದು ಮಾಡುತ್ತೇನೆ ಎನ್ನುವುದು ಒಂದು. ದೇವರು ನನ್ನನ್ನು ಕೈಬಿಟ್ಟ, ಇದು ನನಗೆ ಕೊಟ್ಟ ಶಿಕ್ಷೆ ಎನ್ನುವುದು ಇನ್ನೊಂದು. ಮೊದಲನೆಯದು ತಡೆದು ನಿಲ್ಲಿಸುತ್ತದೆ, ಎರಡನೆಯದು ತಳ್ಳುತ್ತದೆ. ಒಂದೇ ದೇವರು, ಒಂದೇ ಭಕ್ತೆ. ನಮ್ಮಲ್ಲಿ ಈ ಎರಡನೆಯದಕ್ಕೆ ಸಿದ್ಧವಾದ ಮಾತುಗಳು ಬೇಕಾದಷ್ಟಿವೆ. ಯಾವ ಜನ್ಮದ ಪಾಪವೋ. ಹಣೆಬರಹ. ಮಾಡಿದ್ದುಣ್ಣೋ ಮಹರಾಯ. ತನ್ನಿಂದ ತಂದೆಗೆ ಸೋಂಕು ತಗುಲಿತು ಎಂದು ನಂಬಿಕೊಂಡ ಹುಡುಗಿಯೊಬ್ಬಳ ಬಾಯಿಂದ ಇವೆಲ್ಲವನ್ನೂ ಕೇಳಿದ್ದೇನೆ. ಅವಳ ದೈವಭಕ್ತಿಗೆ ಕೊರತೆ ಇರಲಿಲ್ಲ. ಭಕ್ತಿಯೇ ಅವಳನ್ನು ತಿನ್ನುತ್ತಿತ್ತು. ‘ದೇವರ ಮೇಲೆ ಭಾರ ಹಾಕು’ ಎಂದು ಅವಳಿಗೆ ಹೇಳಿದವರಿಗೆ, ದೇವರೇ ಅವಳ ಮೇಲೆ ಭಾರ ಹಾಕಿದ್ದಾನೆ ಎಂದು ಗೊತ್ತಿರಲಿಲ್ಲ.

ಇಲ್ಲೊಂದು ಅಡ್ಡಮಾತು. ಹಿಂದಿನ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಸಿಡುಬಿಗೆ ಅಮ್ಮ ಎಂದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗ್ ಮಾರಮ್ಮನೂ ಬಂದಳು; ಅವಳ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ನಗಬೇಡಿ. ರೋಗಕ್ಕೆ ಅಮ್ಮನ ರೂಪ ಬಂದ ಮೇಲೆ ಬೇಡಿಕೊಳ್ಳಬಹುದು, ಮೊಸರನ್ನ ಇಟ್ಟು ಒಲಿಸಬಹುದು, ತೀರಾ ಸಿಟ್ಟು ಬಂದರೆ ಬೈಯಬಹುದು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಮೂರ್ತಿ ಇಟ್ಟರು. ಪತ್ರಿಕೆಗಳು ಅದನ್ನು ವಿಚಿತ್ರ ಸುದ್ದಿಯಾಗಿ ಹಾಕಿದವು. ವೈರಾಣುವಿನ ಚಿತ್ರವನ್ನು ನಿತ್ಯ ಟಿವಿಯಲ್ಲಿ ನೋಡುತ್ತಿದ್ದ ನಮಗೆ ಮಾತ್ರ ಬೈಯಲು ಯಾರೂ ಸಿಗಲಿಲ್ಲ. ಮನೆಯವರನ್ನು ಬೈದೆವು.

ನಾನು ನಿಜವಾಗಿ ಹೇಳಬೇಕೆಂದು ಬಂದದ್ದು ಸೂತಕದ ಬಗ್ಗೆ.

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಮೃತದೇಹಗಳ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿತು. ಸೋರದ ಚೀಲದಲ್ಲಿ ಇಡಬೇಕು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಕೂಡದು. ಮುಟ್ಟದೆ ಮಾಡುವ ವಿಧಿ, ಅಂದರೆ ಧರ್ಮಗ್ರಂಥದ ಪಠಣ, ತೀರ್ಥ ಚಿಮುಕಿಸುವುದು, ಇವಕ್ಕೆ ಅವಕಾಶವಿತ್ತು. ಸ್ಮಶಾನದಲ್ಲಿ ಚೀಲದ ಮುಖದ ಭಾಗ ತೆರೆದು ಬಂಧುಗಳಿಗೆ ಕೊನೆಯ ದರ್ಶನ ಮಾಡಿಸಬಹುದೆಂದೂ ಅದರಲ್ಲಿತ್ತು. ಆದರೆ ಬಂಧುಗಳು ಎಲ್ಲಿ? ಒಬ್ಬರು ಇನ್ನೊಂದು ವಾರ್ಡಿನಲ್ಲಿ, ಒಬ್ಬರು ಕ್ವಾರಂಟೈನಿನಲ್ಲಿ, ಒಬ್ಬರು ಬೇರೆ ದೇಶದಲ್ಲಿ. ಹಾಗಾಗಿ ಆ ಕೆಲಸ ನಮಗೆ ಬಂತು. ಕಾಶಿಯಿಂದ ತಂದಿಟ್ಟ ಗಂಗೆಯ ಗಿಂಡಿಯನ್ನು ಮಗ ಗೇಟಿನವರೆಗೆ ತಂದುಕೊಟ್ಟರೆ, ಉಸಿರು ನಿಲ್ಲುವ ಮೊದಲು ಎರಡು ಹನಿ ಬಾಯಿಗೆ ಬಿಟ್ಟವಳು ಕ್ರೈಸ್ತಳು. ಮುಸ್ಲಿಂ ಹಿರಿಯರೊಬ್ಬರ ಕಿವಿಯ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲ್ ಹಿಡಿದು, ಮನೆಯವರು ಕಳಿಸಿದ ಪಠಣವನ್ನು ಕೊನೆಯವರೆಗೂ ಕೇಳಿಸಿದವಳು ನಾನು. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಆ ಹನ್ನೊಂದು ನಿಮಿಷ ನನ್ನ ಕೈ ನಡುಗಲಿಲ್ಲ. ಆಮೇಲೆ ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಔಷಧಿ ಮುಗಿದ ಮೇಲೂ ಮಾಡಲು ಏನೋ ಒಂದು ಉಳಿದಿತ್ತು, ಅಷ್ಟೇ. ಬರಿಗೈಯಲ್ಲಿ ನಿಲ್ಲುವುದನ್ನು ಸಹಿಸುವುದು ಕಷ್ಟ, ಅದೂ ನಮ್ಮಂಥ ಕೈಯವರಿಗೆ.

ಆ ದಿನಗಳಲ್ಲಿ ಒಬ್ಬ ಕಿರಿಯಳು ನನ್ನ ಹತ್ತಿರ ಬಂದು, ‘ಅಕ್ಕಾ, ನಾನು ಮನೆಯಲ್ಲಿ ದೀಪ ಹಚ್ಚಬಹುದೇ?’ ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ದಿನಕ್ಕೆ ಮೂರು, ನಾಲ್ಕು ದೇಹ ಸುತ್ತುತ್ತಿದ್ದಳು. ಅವಳ ಮನೆಯ ಪದ್ಧತಿಯಲ್ಲಿ ಹೆಣ ಮುಟ್ಟಿದರೆ ಮೈಲಿಗೆ, ದೇವರ ಕೋಣೆಗೆ ಹೋಗುವಂತಿಲ್ಲ. ಒಂದು ಮೈಲಿಗೆ ಕಳೆಯುವ ಮೊದಲೇ ಇನ್ನೊಂದು. ಲೆಕ್ಕ ಹಾಕಿದರೆ ಅವಳ ಸೂತಕ ಮುಗಿಯುವ ದಿನವೇ ಇರಲಿಲ್ಲ. ಎರಡು ತಿಂಗಳಿಂದ ಅವಳು ದೇವರ ಎದುರು ನಿಂತಿರಲಿಲ್ಲ. ನಿದ್ದೆ ಹೋಗಿತ್ತು. ಆಪ್ತಸಮಾಲೋಚಕರು ಊಟ ಕೇಳಿದ್ದರು, ನಿದ್ದೆ ಕೇಳಿದ್ದರು, ಗಂಡನ ಸ್ವಭಾವ ಕೇಳಿದ್ದರು. ದೀಪದ ವಿಷಯ ಯಾರೂ ಕೇಳಿರಲಿಲ್ಲ. ಅದು ಅವರ ಫಾರಂನಲ್ಲಿ ಇರಲಿಲ್ಲ.

ನಾನು ಪಂಡಿತಳಲ್ಲ. ಗೊತ್ತಿದ್ದದ್ದು ಹೇಳಿದೆ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದ್ದರು. ಸಾವಿನ ಸೂತಕ ಅವುಗಳಲ್ಲೊಂದು. ‘ಕಾಯಕವೇ ಕೈಲಾಸ’ ಎಂಬುದನ್ನು ಎಲ್ಲರೂ ಬ್ಯಾನರಿನ ಮೇಲೆ ಬರೆಸುತ್ತಾರೆ, ಅದು ಬರುವ ಆಯ್ದಕ್ಕಿ ಮಾರಯ್ಯನ ವಚನವನ್ನು ಪೂರ್ತಿ ಓದುವುದಿಲ್ಲ. ಕಾಯಕದಲ್ಲಿ ಮುಳುಗಿದವನು ಗುರುದರ್ಶನವನ್ನಾದರೂ ಮರೆಯಬೇಕು, ಲಿಂಗಪೂಜೆಯನ್ನಾದರೂ ಮರೆಯಬೇಕು ಎಂದು ಅದು ಹೇಳುತ್ತದೆ. ದುಡಿಯಿರಿ ಎಂಬ ಉಪದೇಶವೆಂದು ನಾವು ಓದುವ ಅದೇ ವಚನದಲ್ಲಿ, ಪೂಜೆ ತಪ್ಪಿದವರಿಗೆ ಬಿಡುಗಡೆಯೂ ಇದೆ. ಅವಳು ಎಲ್ಲ ಕೇಳಿ, ‘ಅಕ್ಕಾ, ಇದನ್ನು ನಮ್ಮ ಅತ್ತೆಯವರಿಗೆ ಒಮ್ಮೆ ಹೇಳಿ ನೋಡಿ’ ಎಂದು ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಮರುದಿನ ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿಯಲ್ಲಿ ಹಣತೆಯೊಂದು ಉರಿಯುತ್ತಿತ್ತು. ದೇವರ ಕೋಣೆಗೆ ಯಾವಾಗ ಹೋದಳೋ ತಿಳಿಯದು, ನಾನು ವಿಚಾರಿಸಲಿಲ್ಲ. ಅವಳ ಆತಂಕ ಗುಣವಾಯಿತು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಆಮೇಲೆ ವೈದ್ಯರನ್ನು ಕಂಡಳು, ಮಾತ್ರೆಯನ್ನೂ ತೆಗೆದುಕೊಂಡಳು, ಸರಿಯಾದದ್ದನ್ನೇ ಮಾಡಿದಳು.

ಸಿಸಿಲಿ ಸಾಂಡರ್ಸ್ ಅವರ ಹೆಸರು ನಿಮ್ಮ ಪುಸ್ತಕದಲ್ಲಿದೆ. ಮೊದಲು ನರ್ಸ್ ಆಗಿ, ಕೊನೆಗೆ ವೈದ್ಯೆಯೂ ಆಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾಯುತ್ತಿರುವವರ ಆರೈಕೆಯ ಮನೆ, ಕಟ್ಟಿದವರು. ಸಾಯುತ್ತಿರುವವರ ನೋವಿನಲ್ಲಿ ದೇಹದ್ದು, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಹೆಣೆದುಕೊಂಡಿರುತ್ತದೆ ಎಂದು ಅವರು ಕಲಿಸಿದರು. ರೋಗಿಗೆ ಆಧ್ಯಾತ್ಮಿಕ ಸಂಕಟ ಇದೆಯೇ ಎಂದು ಗುರುತಿಸುವುದು ಇಂದು ನರ್ಸ್ ತಾನೇ ಪತ್ತೆಹಚ್ಚಬೇಕಾದ ತೊಂದರೆಗಳ, ಅಂದರೆ ನರ್ಸಿಂಗ್ ಡಯಾಗ್ನೋಸಿಸ್‌ಗಳ ಪಟ್ಟಿಯಲ್ಲೇ ಇದೆ, ನೀವು ಪರೀಕ್ಷೆಗೆ ಉರುಹೊಡೆದಿದ್ದೀರಿ. ಗುರುತಿಸುವವಳಿಗೇ ಅದು ಇದ್ದರೆ? ಆ ಕಾಲಂ ಯಾರೂ ಗೀಚಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ನೀವೆಲ್ಲ ಕೈಯಲ್ಲಿ ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಮಾಡಿದ್ದೀರಿ. ಅದು ಆಧುನಿಕ ನರ್ಸಿಂಗ್‌ಗೆ ತಳಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ನರ್ಸಿಂಗ್ ಶಾಲೆಯೊಂದಕ್ಕಾಗಿ ಬರೆದದ್ದು. ದೇವರ ಎದುರಿನಲ್ಲಿ, ಸಭೆಯ ಸಮ್ಮುಖದಲ್ಲಿ ಎಂದು ಶುರುವಾಗುತ್ತದೆ. ಪರಿಶುದ್ಧ ಜೀವನ, ರೋಗಿಯ ಹಿತಕ್ಕೆ ಸಮರ್ಪಣೆ ಎಲ್ಲ ಇದೆ. ನರ್ಸಿನ ಹಿತದ ಬಗ್ಗೆ ಒಂದು ಸಾಲೂ ಇಲ್ಲ. ನೈಟಿಂಗೇಲ್ ಮಾತ್ರ ಬೇರೆ ತರಹದವರು. ಹದಿನಾರನೆಯ ವಯಸ್ಸಿನಲ್ಲಿ, 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಬರೆದಿಟ್ಟುಕೊಂಡಿದ್ದವರು. ಅಷ್ಟು ದೈವಭಕ್ತೆ ಕ್ರಿಮಿಯಾ ಯುದ್ಧದ ಕಾಲದಲ್ಲಿ ಏನು ಕೇಳಿದರು? ಸೋಪು, ಬಟ್ಟೆ, ಗಾಳಿ ಬರುವ ಕಿಟಕಿ, ಅಂಕಿಅಂಶ. ಚರಂಡಿ ಸ್ವಚ್ಛ ಮಾಡಿ ಕಾಲರಾ ತಡೆಯುವುದು ಧರ್ಮಕಾರ್ಯ, ಸುಮ್ಮನೆ ಬೇಡಿಕೊಳ್ಳುವುದಲ್ಲ ಎಂಬ ನಿಲುವು ಅವರದು. ಅವರ ಕೈಯ ದೀಪವನ್ನು ಇಟ್ಟುಕೊಂಡೆವು, ಬೇಡಿಕೆಯ ಪಟ್ಟಿಯನ್ನು ಮರೆತೆವು.

ಅವರ ಇನ್ನೂರನೆಯ ಜನ್ಮವರ್ಷವೆಂದೇ 2020ನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಎಂಥ ವರ್ಷ ಸಿಕ್ಕಿತು ನೋಡಿ. ಮಾರ್ಚ್ 22ರಂದು ತಟ್ಟೆ ಬಾರಿಸಿದರು, ಮೇ 3ರಂದು ಹೆಲಿಕಾಪ್ಟರಿನಿಂದ ಹೂ ಸುರಿದರು. ಆ ಎರಡರ ನಡುವೆ, ಏಪ್ರಿಲ್ 22ರಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಎಂದು ಸುಗ್ರೀವಾಜ್ಞೆ ತರಬೇಕಾಯಿತು. ಹೂವಿನ ತಿಂಗಳಲ್ಲೇ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರದ 185 ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಹೊರಟರು. ನಮ್ಮ ಊರಲ್ಲೂ ಬಾಡಿಗೆ ಮನೆ ಖಾಲಿ ಮಾಡಿಸಿದ ಪುಣ್ಯಾತ್ಮರಿದ್ದರು, ತಟ್ಟೆ ಬಾರಿಸಿದ್ದವರೇ. ದೇವತೆ ಎಂದು ಕರೆಯುವುದರಲ್ಲಿ ಒಂದು ಅನುಕೂಲವಿದೆ. ದೇವತೆಗೆ ಬಾಡಿಗೆ ಮನೆ ಬೇಡ, ಗುತ್ತಿಗೆಯ ಸಂಬಳ ತಡವಾದರೂ ನಡೆಯುತ್ತದೆ, ಕಿಟ್ ಹಾಕಿಕೊಂಡು ಆರು ಗಂಟೆ ಶೌಚಾಲಯಕ್ಕೆ ಹೋಗದಿದ್ದರೂ ಆಗುತ್ತದೆ.

ಆಂಡ್ರ್ಯೂ ಜೇಮ್ಟನ್ ಎಂಬವರು 1984ರಲ್ಲಿ ನರ್ಸಿಂಗ್ ನೀತಿಯ ಬಗ್ಗೆ ಬರೆಯುತ್ತಾ ಒಂದು ಸಂಕಟಕ್ಕೆ ಹೆಸರಿಟ್ಟರು, ನೈತಿಕ ಯಾತನೆ ಎನ್ನೋಣ. ಸರಿಯಾದದ್ದು ಯಾವುದೆಂದು ನರ್ಸಿಗೆ ಗೊತ್ತಿದೆ, ಆದರೆ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. ಒಂದು ಹಾಸಿಗೆ, ಮೂರು ರೋಗಿಗಳು. ಇದನ್ನು ಆತಂಕವೆಂದು ಕರೆದು ಪ್ರಾಣಾಯಾಮ ಹೇಳಿಕೊಟ್ಟರೆ ಆ ಹೆಣ್ಣುಮಗಳಿಗೆ ಅನ್ನಿಸುವುದು, ತಪ್ಪು ನನ್ನ ಉಸಿರಾಟದಲ್ಲಿದೆ ಎಂದು. ಪ್ರಾಣಾಯಾಮದ ಮೇಲೆ ನನಗೆ ದ್ವೇಷವಿಲ್ಲ, ಈಗಲೂ ಮಾಡುತ್ತೇನೆ. ಎನ್‌-95 ಹಾಕಿಕೊಂಡು ಮಾಡಲಾಗದು ಎಂಬುದೊಂದೇ ತಕರಾರು. ಸಹಾಯ ಬೇಕೆನಿಸಿದಾಗ ಕೇಳಿ. 2022ರ ಅಕ್ಟೋಬರಿನಿಂದ ಮಾನಸಿಕ ಆರೋಗ್ಯಕ್ಕೆಂದೇ ಸರ್ಕಾರದ ಟೆಲಿ-ಮಾನಸ್ ದೂರವಾಣಿ ಸೇವೆ ಇದೆ, ಅದಕ್ಕೆ ನಮ್ಮ ನಿಮ್ಹಾನ್ಸ್ ಬೆನ್ನೆಲುಬು. ಕನ್ನಡದಲ್ಲೇ ಮಾತನಾಡಬಹುದು.

ಉಪನ್ಯಾಸ ಮುಗಿದ ಮೇಲೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಮೇಡಂ, ರೋಗಿ ನಾನು ಉಳಿಯುತ್ತೇನೆಯೇ ಎಂದು ಕೇಳಿದರೆ ಏನು ಹೇಳಬೇಕು? ದೇವರಿದ್ದಾನೆ ಎನ್ನಬಹುದೇ?’

ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. 2021ರ ಮೇ ತಿಂಗಳ ಒಂದು ರಾತ್ರಿ ನನ್ನ ಡ್ಯೂಟಿ ಎಂಟರಿಂದ ಎರಡರವರೆಗೆ. ಬೋರಲು ಮಲಗಿಸಿದ್ದ ನಿವೃತ್ತ ಮೇಷ್ಟರೊಬ್ಬರು ಅದೇ ಪ್ರಶ್ನೆ ಕೇಳಿದರು. ಮೊದಲ ಸಲ ನನಗೆ ಕೇಳಿಸಲಿಲ್ಲ. ಬಾಗಿ, ಕಿವಿಯನ್ನು ಅವರ ಮಾಸ್ಕಿಗೆ ತಾಗುವಷ್ಟು ಹತ್ತಿರ ತಂದೆ, ಅವರು ಮತ್ತೆ ಕೇಳಿದರು. ದೇವರಿದ್ದಾನೆ ಎಂಬುದು ಬಾಯಿಯವರೆಗೆ ಬಂತು. ಅದು ನಾನು ಖಾತರಿ ಕೊಡಬಹುದಾದ ಮಾತಲ್ಲ. ‘ಸರ್, ಎರಡು ಗಂಟೆಯವರೆಗೆ ನಾನು ಇಲ್ಲೇ ಇರುತ್ತೇನೆ’ ಎಂದೆ.

ಸ್ವಲ್ಪ ಹೊತ್ತು ಬಿಟ್ಟು, ‘ಎರಡಾದ ಮೇಲೆ?’ ಎಂದರು.

ಮುಂದಿನ ಡ್ಯೂಟಿಗೆ ಬರುವವಳ ಹೆಸರು ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಎಲ್ಲರ ಕಿಟ್ಟಿನ ಎದೆಯ ಮೇಲೂ ಮಾರ್ಕರಿನಲ್ಲಿ ದೊಡ್ಡದಾಗಿ ಹೆಸರು ಬರೆದಿರುತ್ತಿದ್ದೆವು, ಆದರೆ ಮೇಷ್ಟರ ಕನ್ನಡಕ ಮನೆಯಲ್ಲೇ ಉಳಿದಿತ್ತು.